ಟ್ರಾಕಿಯಾಸ್ಟಮಿ ಯಾವಾಗ? ಕ್ಯಾಲೆಂಡರ್ ನೋಡ್ಬೇಡಿ, ರೋಗೀನ ನೋಡಿ

ಪ್ರಶ್ನೆ: ಕೋವಿಡ್ ನ್ಯುಮೋನಿಯಾ ಆಗಿ ಅಪ್ಪ 8 ದಿನದಿಂದ ವೆಂಟಿಲೇಟರ್ ಮೇಲಿದಾರೆ. ಟ್ರಾಕಿಯಾಸ್ಟಮಿ, ಅಂದ್ರೆ ಕತ್ತಿನಲ್ಲಿ ತೂತು ಮಾಡಿ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ್ರೆ ಬೇಗ ಹುಷಾರಾಗ್ತಾರಂತೆ, ಡಾಕ್ಟರ್ ಮಾತ್ರ ಕಾಯೋಣ ಅಂತಾರೆ. ತಮಗೇ ಸೋಂಕು ತಗಲುತ್ತೆ ಅಂತ ಭಯನಾ?

ಉತ್ತರ: ಮತ್ತದೇ ಪ್ರಶ್ನೆ! ಭಯ ಇದೆ ರೀ, ಇರ್ಲೇಬೇಕು, ಶ್ವಾಸನಾಳ ಕೊಯ್ದಾಗ ವೆಂಟಿಲೇಟರ್ ಓಡ್ತಾ ಇದ್ರೆ ಒಳಗಿನ ಗಾಳಿಯೆಲ್ಲ ಸರ್ಜನ್ ಮುಖಕ್ಕೇ ಬರುತ್ತೆ, ಅದಕ್ಕೇ ರೋಗಿ ಕೆಮ್ಮದ ಹಾಗೆ ಸ್ನಾಯು ಸಡಿಲಿಸೋ ಔಷಧಿ ಕೊಟ್ಟು, ಆ ಹೊತ್ತಿಗೆ ವೆಂಟಿಲೇಟರ್ ನಿಲ್ಲಿಸ್ತೀವಿ. ಅಷ್ಟು ಹೊತ್ತು ಉಸಿರಿಲ್ದೆ ತಡ್ಕೊಳೋ ಶಕ್ತಿ ಶ್ವಾಸಕೋಶಕ್ಕೆ ಬೇಡ್ವಾ? ಆಕ್ಸಿಜನ್ 80% ಕೊಟ್ರೂ ಸಾಲ್ತಿಲ್ಲ, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಮುಚ್ಕೊಳದ ಹಾಗೆ ವೆಂಟಿಲೇಟರ್ ಹಿಡಿದಿಡೋ ಒತ್ತಡ) 14 ಇದೆ, ದಿನಾ ಬೋರಲು ಮಲಗಿಸ್ಬೇಕು ಅನ್ನೋರಿಗೆ ನಾನಂತೂ ಚಾಕು ಮುಟ್ಟಲ್ಲ. ಆಕ್ಸಿಜನ್ 50% ಒಳಗೆ, ಪೀಪ್ 10ರ ಒಳಗೆ ಬರ್ಲಿ, ಬಿಪಿ ಸ್ಥಿರವಾಗ್ಲಿ, ರಕ್ತ ತೆಳು ಮಾಡೋ ಇಂಜೆಕ್ಷನ್ನಿಗೆ ಸ್ವಲ್ಪ ಬಿಡುವು ಕೊಡೋ ಹಾಗಾಗ್ಲಿ, ಆಮೇಲೆ ಮಾತು.

ಬೇಗ ಮಾಡಿದ್ರೆ ಜೀವ ಉಳಿಯುತ್ತೆ ಅನ್ನೋದನ್ನ ಯಾರು ಹಬ್ಬಿಸ್ತಾರೋ ಗೊತ್ತಿಲ್ಲ. ಬ್ರಿಟನ್ನಿನ ಟ್ರ್ಯಾಕ್‌ಮ್ಯಾನ್ ಅಧ್ಯಯನ 2013ರಲ್ಲೇ ಬಂತು, ಕೋವಿಡ್‌ಗೂ ಮುಂಚಿನ ಐಸಿಯು ರೋಗಿಗಳು, 4 ದಿನದೊಳಗೆ ಮಾಡಿದ್ರೂ 10 ದಿನ ಕಾದು ಮಾಡಿದ್ರೂ ಸಾವಿನ ಪ್ರಮಾಣ ಹೆಚ್ಚುಕಮ್ಮಿ ಒಂದೇ. ಕಾದ ಗುಂಪಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಆಪರೇಶನ್ನೇ ಆಗ್ಲಿಲ್ಲ, ಕೆಲವರು ತೀರ್ಕೊಂಡ್ರು, ಇನ್ನೂ ಕೆಲವರು ಅದಿಲ್ದೇನೇ ಚೇತರಿಸ್ಕೊಂಡ್ರು.

ಹಂಗಂತ ತಿಂಗಳುಗಟ್ಟಲೆ ಕಾಯೋದೂ ತಪ್ಪು. 2020ರ ಶುರುವಲ್ಲಿ 14 ದಿನ, 21 ದಿನ ಅಂತಿದ್ರು, ಅನುಭವ ಬಂದ ಹಾಗೆ ಸುಮಾರು 10 ದಿನಕ್ಕೆ ಇಳೀತು. ಬಾಯಿಂದ ಹಾಕಿರೋ ಟ್ಯೂಬ್ ತೆಗೆದು ಕತ್ತಿನಲ್ಲಿ ಹಾಕಿದ್ರೆ ನಿದ್ದೆ ಔಷಧಿ ಕಮ್ಮಿ ಆಗುತ್ತೆ, ಕಫ ತೆಗೆಯೋದು ಸಲೀಸು, ವೆಂಟಿಲೇಟರ್ ಬಿಡಿಸೋದೂ ಸುಲಭ. ಆರ್‌ಟಿ‌ಪಿಸಿಆರ್ ನೆಗೆಟಿವ್ ಬರೋವರೆಗೂ ಕಾಯ್ತೀವಿ ಅನ್ನೋದು ಶುದ್ಧ ಹಠ, ಸತ್ತ ವೈರಸ್ಸಿನ ಚೂರುಗಳೂ ವಾರಗಟ್ಟಲೆ ಪಾಸಿಟಿವ್ ತೋರಿಸ್ತವೆ.

ಪ್ರಶ್ನೆ: ಟೆಟನಸ್ ಆದವರಿಗೂ ಇಷ್ಟೇ ಕಾಯ್ಬೇಕಾ?

ಉತ್ತರ: ಬೇಡ. ಸೆಳೆತಕ್ಕೆ ಗಂಟಲೇ ಮುಚ್ಕೊಳುತ್ತೆ, ವೆಂಟಿಲೇಟರ್ ವಾರಗಟ್ಟಲೆ ಬೇಕಾಗುತ್ತೆ ಅಂತ ಮೊದಲೇ ಗೊತ್ತಿರುತ್ತೆ, ಒಬ್ಬರಿಂದ ಒಬ್ಬರಿಗೆ ಹರಡೋ ರೋಗಾನೂ ಅಲ್ಲ. ಬೇಗ ಮಾಡಿ.

ಪ್ರಶ್ನೆ: ಮಾತು ಹೋಗ್ಬಿಡುತ್ತಾ?

ಉತ್ತರ: ಗಾಳಿ ಸೋರದ ಹಾಗೆ ಟ್ಯೂಬಿನ ಸುತ್ತ ಇರೋ ಬಲೂನ್ ಉಬ್ಬಿರೋವರೆಗೆ, ಅಷ್ಟೇ.

ಪ್ರಶ್ನೆ: ಕತ್ತಿನ ಟ್ಯೂಬಿಗೆ ಎಣ್ಣೆ ಬಿಟ್ರೆ ಕಫ ಕರಗುತ್ತಂತೆ?

ಉತ್ತರ: ಎಣ್ಣೆ ಶ್ವಾಸಕೋಶಕ್ಕೆ ಇಳಿದ್ರೆ ಅದೇ ಇನ್ನೊಂದು ನ್ಯುಮೋನಿಯಾ. ಹೇಳಿದವರನ್ನ ವಾರ್ಡಿನಿಂದ ಆಚೆ ಕಳಿಸಿ.