ಇಂಟರ್ನೆಟ್ ಫೋನ್ ಕಂಪನಿ ಮೇಲಿನ ದೂರುಗಳನ್ನು ಎಷ್ಟು ನಂಬಬಹುದು?

ಆಫೀಸಿಗೆ ಇಂಟರ್ನೆಟ್ ಫೋನ್ ಹಾಕಿಸಬೇಕು, ಆದರೆ ನೋಡಿಟ್ಟ ಕಂಪನಿಯನ್ನು ತುಂಬ ಜನ ಬೈದಿದ್ದಾರೆ, ಪುರಾವೆ ಯಾರೂ ಕೊಟ್ಟಿಲ್ಲ, ನಂಬಬೇಕಾ ಅಂತ ಕೇಳಿದ್ದೀರಿ.

ಮೊದಲು ದೂರಿನಲ್ಲಿ ವಿವರ ಇದೆಯಾ ನೋಡಿ. "ಬರೀ ಮೋಸ" ಅಂದರೆ ಏನೂ ಗೊತ್ತಾಗುವುದಿಲ್ಲ. ಯಾವ ದಿನ, ದೂರಿನ ನಂಬರ್ ಎಷ್ಟು, ಕಂಪನಿ ಏನು ಉತ್ತರ ಕೊಟ್ಟಿತು ಅಂತ ಬರೆದಿದ್ದರೆ ಆ ಮಾತಿಗೆ ತೂಕ ಇದೆ.

ದನಿ ಸರಿಯಿಲ್ಲ ಅನ್ನುವ ದೂರುಗಳನ್ನು ಸುಮ್ನೆ ಒಪ್ಪಬೇಡಿ. ದನಿಯನ್ನು ಡಿಜಿಟಲ್ ಮಾಡಿ ಕಳಿಸುವ ವಿಧಾನವಾದ ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಒಂದೊಂದು ದಿಕ್ಕಿಗೂ ಸುಮಾರು 90 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಸ್ಪೀಡ್ ಸಾಕು. ಹಾಗಾಗಿ ತೊಂದರೆ ಹೆಚ್ಚಾಗಿ ಸ್ಪೀಡಿನದಲ್ಲ, ಪ್ಯಾಕೆಟ್‌ಗಳು (ದನಿಯ ಚಿಕ್ಕ ಚಿಕ್ಕ ತುಣುಕುಗಳು) ತಡವಾಗಿ ಬರುವುದು ಅಥವಾ ದಾರಿಯಲ್ಲೇ ಕಳೆದುಹೋಗುವುದು. ಜಯನಗರದ ನಮ್ಮ ಆಫೀಸಿನಲ್ಲಿ ದನಿ ತುಂಡು ತುಂಡಾಗಿ ಬರುತ್ತಿತ್ತು. ಎರಡು ತಿಂಗಳು ಕಂಪನಿಯನ್ನೇ ದೂರಿದೆವು. ನೋಡಿದರೆ ವೈಫೈ ರೂಟರ್ ಕಬ್ಬಿಣದ ಬೀರುವಿನ ಹಿಂದೆ ಇತ್ತು! ಫೋನಿಗೆ ನೇರ ಕೇಬಲ್ ಎಳೆದ ದಿನವೇ ಎಲ್ಲ ಸರಿಹೋಯಿತು. ಇಂಥ ತಪ್ಪು ದೂರುಗಳು ಎಷ್ಟಿರಬಹುದು, ಅಲ್ವಾ?

ಹಣದ ದೂರು ಬೇರೆ. ಡೆಪಾಸಿಟ್ ವಾಪಸ್ ಬರಲಿಲ್ಲ, ನಿಲ್ಲಿಸಿದ ಮೇಲೂ ಬಿಲ್ ಬಂತು ಅನ್ನುವುದಕ್ಕೆ ಬೀರು ಕಾರಣ ಆಗುವುದಿಲ್ಲ. ಪರಿಚಯವಿಲ್ಲದ ನಾಲ್ಕೈದು ಜನ ಇದನ್ನೇ ಹೇಳಿದರೆ ನಾನು ಹಿಂದೆ ಸರಿಯುತ್ತೇನೆ, ಪುರಾವೆ ಇಲ್ಲದಿದ್ದರೂ.

ತಗೊಳ್ಳುವುದೇ ಆದರೆ ಒಂದು ತಿಂಗಳಿಗೆ ಮಾತ್ರ ಹಣ ಕಟ್ಟಿ. ಮುಂದೆ ಜಗಳ ಬಂದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ, ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.