ಹಿಟ್ಟಿನ ಆಹಾರದ ಹುಳ ಎನ್‌ಪಿವಿಗೆ ಸಾಯುತ್ತದೆ, ತೊಗರಿ ತಿಂದದ್ದು ಯಾಕೆ ಬದುಕುತ್ತದೆ?

ಅಕ್ಕಲಕೋಟ ಕಡೆಯ ತೊಗರಿ ಹೊಲದಿಂದ ಆರಿಸಿ ತಂದ ಕಾಯಿಕೊರಕಗಳು ಎನ್‌ಪಿವಿ (ಹುಳಗಳಿಗೆ ರೋಗ ತಂದು ಕೊಲ್ಲುವ ವೈರಸ್) ಕೊಟ್ಟರೂ ಬದುಕುತ್ತವೆ, ಕಡಲೆಹಿಟ್ಟಿನ ಆಹಾರದ ಮೇಲೆ ಸಾಕಿದವು ಅದೇ ಡೋಸಿಗೆ ಸಾಯುತ್ತವೆ, ವೈರಸ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಎರಡಕ್ಕೂ ಒಂದೇ ಬಾಟಲಿಯದು ಕೊಟ್ಟಿದ್ದರೆ ವೈರಸ್ ಮೇಲೆ ಅನುಮಾನ ಬೇಡ. ಹುಳ ಏನು ತಿಂದಿತ್ತು ಎಂದು ಮೊದಲು ನೋಡಿ.

ವೈರಸ್ ಕಣಗಳನ್ನು ಒಳಗಿಟ್ಟುಕೊಂಡ ಪ್ರೋಟೀನ್ ಹರಳು ಹುಳದ ನಡುಗರುಳಿನ ತೀವ್ರ ಕ್ಷಾರದಲ್ಲಿ ಕರಗಬೇಕು, ಹೊರಬಂದ ಕಣಗಳು ಒಳಪೊರೆ ದಾಟಿ ಜೀವಕೋಶ ಸೇರಬೇಕು. ಎಲೆ ತಿಂದಾಗ ಈ ದಾರಿಯಲ್ಲಿ ಅಡ್ಡಿಗಳು ಹೆಚ್ಚು. ಜಗಿದ ಎಲೆಯ ಫೀನಾಲು ಎಂಬ ರಾಸಾಯನಿಕಗಳು ಕ್ವಿನೋನ್‌ಗಳಾಗಿ ಮಾರ್ಪಟ್ಟು ಹರಳಿಗೆ ಅಂಟಿಕೊಳ್ಳುತ್ತವೆ. ಕಡಲೆ ಗಿಡದ್ದಂತೂ ಎದ್ದು ಕಾಣುವ ಉದಾಹರಣೆ. ನಸುಕಿನಲ್ಲಿ ಬಟ್ಟೆ ಹಾಸಿ ಹುಳಿ ಹಿಂಡಿಕೊಳ್ಳುತ್ತಾರಲ್ಲ, ಆ ಎಲೆಗಳ ಮೇಲೆ ಹುಳಿಯ ಜೊತೆ ಐಸೊಫ್ಲೇವನಾಯ್ಡು ಎಂಬ ಸಸ್ಯ ರಾಸಾಯನಿಕಗಳೂ ಇರುತ್ತವೆ, ವೈರಸ್ಸಿನ ಬಲ ಕುಗ್ಗಿಸುತ್ತವೆ.

ಹಾಗೆಂದು ಹಿಟ್ಟಿನ ಆಹಾರವನ್ನು ಕಣ್ಣುಮುಚ್ಚಿ ನಂಬಬೇಡಿ. ಎಲೆ ತಿನ್ನುವ ಸ್ಪೊಡಾಪ್ಟೆರಾ ಹುಳಗಳ ಪ್ರಯೋಗಗಳಲ್ಲಿ ಪ್ರೋಟೀನ್ ಹೆಚ್ಚಿದ್ದ ಆಹಾರ ತಿಂದವು ಎನ್‌ಪಿವಿ ತಾಳಿಕೊಂಡು ಹೆಚ್ಚು ಬದುಕಿವೆ; ಸೋಂಕು ತಗುಲಿದವು ತಾವಾಗಿಯೇ ಪ್ರೋಟೀನ್ ಆರಿಸಿ ತಿಂದಿವೆ. ಆದ್ದರಿಂದ ಹಿಟ್ಟು, ಯೀಸ್ಟ್ ಅಳತೆ ಪ್ರತಿ ಸಲವೂ ಒಂದೇ ಇರಲಿ. ರೂಢಿಯ ಪಾಕದಲ್ಲಿ 780 ಮಿ.ಲೀ. ನೀರಿಗೆ ಕಡಲೆಹಿಟ್ಟು 105 ಗ್ರಾಂ, ಯೀಸ್ಟ್ 10, ಅಗರ್ 12.75, ಆಸ್ಕಾರ್ಬಿಕ್ ಆಮ್ಲ 3.25, ಮೀಥೈಲ್ ಪ್ಯಾರಾಬೆನ್ 2, ಸೋರ್ಬಿಕ್ ಆಮ್ಲ 1 ಗ್ರಾಂ ಇರುತ್ತವೆ. ಅದಲ್ಲದೆ ವಿಟಮಿನ್, ಸ್ಟ್ರೆಪ್ಟೊಮೈಸಿನ್, 10% ಫಾರ್ಮಾಲಿನ್ 2 ಮಿ.ಲೀ. ವೈರಸ್ ಸವರುವ ಆಹಾರಕ್ಕೆ ಈ ಫಾರ್ಮಾಲಿನ್ ಹಾಕಲೇಬಾರದು, ಅದು ವೈರಸ್ಸನ್ನೇ ನಿಷ್ಕ್ರಿಯಗೊಳಿಸುತ್ತದೆ.

ವ್ಯತ್ಯಾಸ ಆಹಾರದಿಂದಲೇ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿ, ಆದರೆ ಅದಕ್ಕೆ ಹೊಲದ ಹುಳಗಳನ್ನು ಬಳಸಬೇಡಿ. ಅವುಗಳ ವಯಸ್ಸು ಗೊತ್ತಿರುವುದಿಲ್ಲ, ಒಳಗೆ ಪರತಂತ್ರ ಕಣಜದ ಮರಿ ಇರಬಹುದು, ಮೊದಲೇ ಸೋಂಕೂ ಇರಬಹುದು. ಒಂದೇ ತಂಡದ ಮೊಟ್ಟೆಗಳಿಂದ ಬಂದ ಮರಿಗಳಲ್ಲಿ ಅರ್ಧವನ್ನು ತೊಗರಿ ಮೇಲೆ, ಅರ್ಧವನ್ನು ಹಿಟ್ಟಿನ ಆಹಾರದ ಮೇಲೆ ಸಾಕಿ. ಒಂದನ್ನೊಂದು ತಿನ್ನುತ್ತವೆ, ಒಂದು ಬಾಟಲಿಗೆ ಒಂದೇ ಇಡಿ. ಎಲೆ ತಿಂದವು ನಿಧಾನವಾಗಿ ಬೆಳೆದಿದ್ದರೆ ವಯಸ್ಸಿನ ಬದಲು ತೂಕ ಹೊಂದಿಸಿ, ಎರಡೂ ಕಡೆ ಈಗಷ್ಟೇ ಪೊರೆ ಕಳಚಿದವನ್ನೇ ತೆಗೆದುಕೊಳ್ಳಿ. ಹುಳ ದಪ್ಪವಾದಷ್ಟೂ ವೈರಸ್ ಹೆಚ್ಚು ಬೇಕು.

ಇನ್ನು ವೈರಸ್ ಕೊಡುವ ರೀತಿ. ಆಹಾರದ ಮೇಲ್ಮೈಗೆ ಸವರಿದರೆ ಕಾಯಿಕೊರಕ ತನ್ನ ಸ್ವಭಾವದಂತೆ ಕೊರೆದು ಒಳಗಿಳಿಯುತ್ತದೆ, ಅಲ್ಲಿ ವೈರಸ್ ಇರುವುದಿಲ್ಲ. ಒಂದು ದಿನದಲ್ಲಿ ತಿಂದು ಮುಗಿಸುವಷ್ಟು ಹಿಟ್ಟಿನ ಆಹಾರದ ಸಣ್ಣ ತುಂಡು ಕತ್ತರಿಸಿ, ಮೇಲಿನ ನೀರಹನಿ ಆರಿದ ಮೇಲೆ ವೈರಸ್ ಹಾಕಿ, ಎರಡೂ ಗುಂಪಿಗೆ ಅಂಥದೇ ತುಂಡು ಕೊಡಿ. 24 ಗಂಟೆಯಲ್ಲಿ ಮುಗಿಸದ ಹುಳವನ್ನು ಲೆಕ್ಕದಿಂದ ಬಿಡಿ. ಬಳಿಕ ಅವುಗಳ ಹಳೆಯ ಆಹಾರಕ್ಕೇ ಮರಳಿಸಿ, 25 ಡಿಗ್ರಿಯಲ್ಲಿಡಿ. ಹೀಗೂ ತೊಗರಿ ಗುಂಪು ಹೆಚ್ಚು ಬದುಕಿದರೆ ವ್ಯತ್ಯಾಸ ಹುಳದ ಮೈಯಲ್ಲಿದೆ. ವೈರಸ್ಸನ್ನು ತೊಗರಿ ಎಲೆಗೇ ಸವರಿ ತಿನ್ನಿಸಿದಾಗ ಮಾತ್ರ ಸಾವು ಕಡಿಮೆಯಾದರೆ ಎಲೆಯೇ ವೈರಸ್ಸನ್ನು ತಡೆಯುತ್ತಿದೆ. ಆದರೆ ಎಷ್ಟು ಎಲೆ ತಿಂದವು ಎಂದೂ ಅಳೆದಿರಬೇಕು.

ಸತ್ತವನ್ನೆಲ್ಲ ವೈರಸ್ ಲೆಕ್ಕಕ್ಕೆ ಸೇರಿಸಬೇಡಿ. ಎನ್‌ಪಿವಿಯಿಂದ ಸತ್ತ ಹುಳದ ಚರ್ಮ ಮುಟ್ಟಿದರೆ ಹರಿಯುತ್ತದೆ, ದ್ರವದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದರೆ ಮಿನುಗುವ ಹರಳುಗಳು ತುಂಬಿರುತ್ತವೆ. ವೈರಸ್ ಕೊಡದ ಗುಂಪಿನಲ್ಲೂ ಅಂಥ ಹರಳು ಕಂಡರೆ ಆ ತಂಡವನ್ನು ಬಿಟ್ಟು, ಹೊಸ ಮೊಟ್ಟೆಗಳನ್ನು ಹೈಪೊಕ್ಲೋರೈಟ್‌ನಲ್ಲಿ ತೊಳೆದು ಮತ್ತೆ ಆರಂಭಿಸಿ.