ಮಂಡಿಯೂರಿ ನೋಡುವ ಚಿತ್ರ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ವರ್ಚುವಲ್ ರಿಯಾಲಿಟಿ ಕೋಣೆಗಳ, ಅಂದರೆ ಕಂಪ್ಯೂಟರ್ ಚಿತ್ರದ ಒಳಗೇ ನಿಂತ ಹಾಗೆ ಅನ್ನಿಸುವ ಕೋಣೆಗಳ ಬಗ್ಗೆ ಬರೆದಿದ್ದೀರಿ. ಅದು ನಾಲ್ಕು ಕಡೆ ಸಿನಿಮಾ ಬಿಟ್ಟ ಹಾಗಲ್ವಾ? ವಿಜ್ಞಾನಿಗಳಿಗೆ ಯಾಕೆ ಅಷ್ಟು ದುಡ್ಡಿನ ಕೋಣೆ? ತಲೆಗೆ ಹಾಕುವ ಹೆಡ್‌ಸೆಟ್ ಸಾಲದೇ? – ನಿವೃತ್ತ ವಿಜ್ಞಾನ ಶಿಕ್ಷಕ, ಮಂಡ್ಯ

ಸಂಪಾದಕರ ಉತ್ತರ: ಮೇಷ್ಟ್ರೇ, ನಮಸ್ಕಾರ. ತಪ್ಪು ನಮ್ಮದೇ. ಗೋಡೆಗಳ ಬಗ್ಗೆ ಬರೆದು, ಒಳಗೆ ಹೋಗುವವರು ಹಾಕಿಕೊಳ್ಳುವ ಕನ್ನಡಕವನ್ನು ಬಿಟ್ಟುಬಿಟ್ಟೆವು. ಗುಟ್ಟೆಲ್ಲ ಇರೋದು ಅದರಲ್ಲೇ.

ಷಿಕಾಗೋದಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯದ ಕೆರೊಲಿನಾ ಕ್ರೂಜ್-ನೈರಾ, ಡೇನಿಯಲ್ ಸ್ಯಾಂಡಿನ್, ಥಾಮಸ್ ಡಿಫಾಂಟಿ 1992ರಲ್ಲಿ 'ಕೇವ್' ಎಂಬ ಕೋಣೆಯನ್ನು ಜನರಿಗೆ ತೋರಿಸಿದರು. ಕೇವ್ ಅಂದರೆ ಗುಹೆ. ಉದ್ದ, ಅಗಲ, ಎತ್ತರ ಸುಮಾರು 10 ಅಡಿ. ಮೂರು ಗೋಡೆಗಳಿಗೂ ನೆಲಕ್ಕೂ ಪ್ರೊಜೆಕ್ಟರ್ ಬೆಳಕು. ಎಡಗಣ್ಣಿಗೊಂದು ಚಿತ್ರ, ಬಲಗಣ್ಣಿಗೊಂದು. ಇಷ್ಟು ತ್ರೀಡಿ ಸಿನಿಮಾದಲ್ಲೂ ಉಂಟು. ಆದರೆ ಇಲ್ಲಿ ಕನ್ನಡಕಕ್ಕೆ ಸೆನ್ಸರ್ ಸಿಕ್ಕಿಸಿರುತ್ತಾರೆ. ನಿಮ್ಮ ತಲೆ ಎಲ್ಲಿದೆ, ಎತ್ತ ತಿರುಗಿದೆ ಅಂತ ಕಂಪ್ಯೂಟರಿಗೆ ಗೊತ್ತಾಗುತ್ತಲೇ ಇರುತ್ತದೆ. ನೀವು ಬಗ್ಗಿದ ತಕ್ಷಣ ಅಲ್ಲಿಂದ ಕಾಣಬೇಕಾದ ಹಾಗೆ ಚಿತ್ರ ಬದಲಾಗುತ್ತದೆ.

ಸೋಮನಾಥಪುರದ ಕೇಶವ ದೇವಸ್ಥಾನದ ಚಾವಣಿ ನೋಡಿದ್ದೀರಲ್ಲ? ಅಲ್ಲಿ ಕಲ್ಲಿನಲ್ಲಿ ಕೆತ್ತಿದ ಬಾಳೆಮೊಗ್ಗನ್ನು ಫೋಟೊದಲ್ಲಿ ಎಷ್ಟು ಹೊತ್ತು ನೋಡಿದರೂ ಆಳ ತಿಳಿಯುವುದಿಲ್ಲ. ಕೆಳಗೆ ನಿಂತು, ಕತ್ತೆತ್ತಿ, ಎರಡು ಹೆಜ್ಜೆ ಆಚೆ ಸರಿದರೆ ಒಂದು ಎಸಳಿನ ಹಿಂದೆ ಇನ್ನೊಂದು ಕಾಣುತ್ತದೆ. ಪ್ರೋಟೀನ್ ಅಣುವೂ ಹಾಗೇ ಮಡಿಕೆ ಮಡಿಕೆ. ಔಷಧಿ ಹೋಗಿ ಕೂರುವ ಕುಳಿ ಎಲ್ಲೋ ಒಳಗಿರುತ್ತದೆ. ಕೇವ್‌ನಲ್ಲಿ ಆ ಅಣು ಆಳೆತ್ತರ ನಿಂತಿರುತ್ತದೆ. ಸಂಶೋಧಕರು ಮಂಡಿಯೂರಿ, ಕೆಳಗಿನಿಂದ ಕುಳಿಯೊಳಗೆ ಇಣುಕುತ್ತಾರೆ.

ಎಲ್ಲ ಸಂಶೋಧನೆಗೂ ಇದು ಬೇಕಿಲ್ಲ. ಗ್ರಾಫ್ ಹಾಳೆಯಲ್ಲಿ ಮುಗಿಯುವ ಲೆಕ್ಕಕ್ಕೆ ಇಷ್ಟು ದೊಡ್ಡ ಕೋಣೆ ಸುಮ್ನೆ ದಂಡ. ಆಕಾರದಲ್ಲೇ ಉತ್ತರ ಅಡಗಿರುವ ಕಡೆ ಮಾತ್ರ ಇದಕ್ಕೆ ಖರ್ಚು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೆಡ್‌ಸೆಟ್ ಅಗ್ಗ, ಒಬ್ಬರ ಕೆಲಸಕ್ಕೆ ಧಾರಾಳ ಸಾಕು. ಆದರೆ ಅದು ಕಣ್ಣನ್ನು ಪೂರ್ತಿ ಮುಚ್ಚುತ್ತದೆ. ಕೇವ್‌ನಲ್ಲಿ ನಿಮ್ಮ ಕೈ ನಿಮಗೆ ಕಾಣುತ್ತದೆ, ಪಕ್ಕದವರ ಮುಖವೂ ಕಾಣುತ್ತದೆ. ನಾಲ್ಕು ಜನ ನಿಂತು ವಾದ ಮಾಡಬಹುದು. ಇದೇ ಅದರ ದೊಡ್ಡ ಲಾಭ. 2012ರಲ್ಲಿ ಅದೇ ವಿಶ್ವವಿದ್ಯಾಲಯದ ಲ್ಯಾಬಿನವರು 72 ಎಲ್‌ಸಿಡಿ ಪರದೆಗಳನ್ನು ಸುತ್ತ ಜೋಡಿಸಿ 'ಕೇವ್2' ಕಟ್ಟಿದ್ದು ಇನ್ನೂ ಜಾಸ್ತಿ ಜನ ಒಟ್ಟಿಗೆ ಕೂತು ಕೆಲಸ ಮಾಡಲಿ ಅಂತಲೂ ಹೌದು.

ಒಂದು ಕೊರತೆಯನ್ನೂ ಹೇಳಲೇಬೇಕು. ಸಾಮಾನ್ಯವಾಗಿ ಸೆನ್ಸರ್ ಇರುವುದು ಒಬ್ಬರ ಕನ್ನಡಕಕ್ಕೆ. ಚಿತ್ರ ಸರಿಯಾಗಿ ಕಾಣುವುದೂ ಅವರಿಗೇ. ಅವರು "ಇಲ್ಲಿ ನೋಡಿ" ಅಂತ ಬೆರಳಿಟ್ಟರೆ ಪಕ್ಕದವರಿಗೆ ಆ ಬೆರಳು ಬೇರೆಲ್ಲೋ ಇಟ್ಟ ಹಾಗೆ ಕಾಣುತ್ತದೆ. ಆಗ ಕನ್ನಡಕ ಕೈಯಿಂದ ಕೈಗೆ ಹೋಗಬೇಕು. ನಿಮ್ಮ ಶಾಲೆಯ ಲ್ಯಾಬಿನಲ್ಲಿ ಒಂದೇ ಮೈಕ್ರೋಸ್ಕೋಪಿಗೆ ಮಕ್ಕಳು ಸಾಲು ನಿಲ್ಲುತ್ತಿದ್ದ ಹಾಗೆ.